ಹಾಡು ಯಾವಾಗ ಶುರು?

ನನ್ನ ಮೊಮ್ಮಗಳು ಮತ್ತು ಅವಳ ಇಬ್ಬರು ಗೆಳತಿಯರು ಸಿಂಧನೂರಿನಲ್ಲಿ ಕೋಣೆ ಹಿಡಿದು ಕಂಪ್ಯೂಟರಿನಲ್ಲಿ ಸಂಗೀತ ಮಾಡುತ್ತಾರೆ. ಅದರಲ್ಲಿ ಮಾತಿಲ್ಲ, ತಾಳವಿಲ್ಲ. ದಢೇಸುಗೂರಿನ ಕಾಲುವೆಯ ನೀರು, ಗದ್ದೆಯ ಗಾಳಿ, ಎಲ್ಲದರ ಸದ್ದು ಫೋನಿನಲ್ಲಿ ಹಿಡಿದು ತಂದು, ಉದ್ದಕ್ಕೆ ಎಳೆದು ಒಂದರ ಮೇಲೊಂದು ಹಾಸುತ್ತಾರೆ. ಮೊದಲ ಸಲ ಕೇಳಿದಾಗ ನನಗೆ ನಿದ್ದೆ ಬಂತು. ಹಾಗೆಂದೇ ಹೇಳಿದೆ. ಸುಳ್ಳು ಹೊಗಳುವ ಅಭ್ಯಾಸ ನನಗಿಲ್ಲ.

ಈ ವರ್ಷ ಅವರ ಹೊಸ ಆಲ್ಬಮ್ ಬಂತು. ಪೇಪರಿನಲ್ಲಿ ಒಬ್ಬ ಅದರ ಬಗ್ಗೆ ಬರೆದ. ನಾನು ಎರಡನೆಯ ಕ್ಲಾಸಿಗೇ ಶಾಲೆ ಬಿಟ್ಟವಳು. ಅಕ್ಷರ ಕೂಡಿಸಿ ಕೂಡಿಸಿ ಓದಿದೆ. ನಾದ ಚೆನ್ನಾಗಿದೆಯಂತೆ, ಆದರೆ ಹಾಡು ಶುರುವಾಗುವುದೇ ಇಲ್ಲವಂತೆ. ಅಷ್ಟಕ್ಕೇ ಮೊಮ್ಮಗಳು ಕುಗ್ಗಿಹೋದಳು. ಇನ್ನು ಮೇಲೆ ಹಾಡುವವರನ್ನು ಕರೆಸಿ, ಡ್ರಮ್ ಹಾಕಿ, ಎಲ್ಲರಂತೆ ಮಾಡುತ್ತೇವೆ ಎಂದಳು. ನನಗೆ ಸಿಟ್ಟು ಬಂತು. ನಿದ್ದೆ ಬರಿಸಿದರೂ ಅದು ಅವಳದೇ ಆಗಿತ್ತು.

ಸೋಮವಾರ ಪಾಮನಕಲ್ಲೂರಿನ ನಮ್ಮ ಮಠದಲ್ಲಿ ಭಜನೆ. ಅವಳನ್ನು ಎಳೆದುಕೊಂಡು ಹೋಗಿ, ಭಜನೆಗೆ ಮೊದಲು ನಿನ್ನದನ್ನು ಸ್ಪೀಕರಿಗೆ ಹಚ್ಚು ಎಂದೆ. ಅಲ್ಲಿಯ ಮುದುಕರು ಮುಲಾಜಿಲ್ಲದವರು. ಬೇಸರವಾದರೆ ತಾಳ ಕೆಳಗಿಟ್ಟು ಬೀಡಿ ಸೇದಲು ಹೊರಗೆ ಹೋಗುತ್ತಾರೆ. ಹೆಸರಾದ ಹಾಡುಗಾರರನ್ನೂ ಬಿಟ್ಟಿಲ್ಲ.

ಭಜನೆಗೆ ಮುಂಚೆ ಹಾರ್ಮೋನಿಯಂನಲ್ಲಿ ಒಂದೇ ಸ್ವರ ಎಳೆದು ಶ್ರುತಿ ಹಿಡಿಯುವುದು ರೂಢಿ. ಇದೂ ಅಂಥದ್ದೇ ಎಂದುಕೊಂಡು ಎಲ್ಲರೂ ತಾಳ ಕೈಗೆತ್ತಿಕೊಂಡರು, ಹಾಡು ಬರಲಿ ಎಂದು ಕಾಯುತ್ತ ಕುಳಿತರು. ಒಂದು ಮುಗಿಯಿತು, ಇನ್ನೊಂದು ಬಂತು. ಒಬ್ಬರೂ ಏಳಲಿಲ್ಲ. ಕೊನೆಗೆ ಕಾಲುವೆಯ ಸದ್ದು ನಿಂತಾಗ ಎಲ್ಲರಿಗಿಂತ ಹಿರಿಯ ತಾಳದವರು ತಲೆ ಎತ್ತಿದರು.

"ಹಾಡು ಯಾವಾಗ ಶುರು ಮಾಡ್ತಿ ತಂಗಿ?"

"ಮುಗೀತ್ರೀ ಮುತ್ಯಾ."

ಎಲ್ಲರೂ ನಕ್ಕರು. ಅವಳ ಮುಖ ಸಣ್ಣದಾಯಿತು. ಆ ಹಿರಿಯರು ಮಾತ್ರ ನಗಲಿಲ್ಲ.

"ಶುರು ಆಗ್ಲಿಲ್ಲ, ಖರೆ. ಆದ್ರ ಎದ್ದು ಹೋಗಾಕ ಮನಸ್ಸು ಬರ್ಲಿಲ್ಲ ನೋಡು. ಬರೋ ಸೋಮಾರ ಮತ್ತ ತಗೊಂಬಾ. ಅದು ಹಿಂದ ಇರ್ಲಿ, ನಾವು ಮ್ಯಾಲ ಹಾಡ್ತೀವಿ."

ಹಾರ್ಮೋನಿಯಂನವನು ಗೊಣಗಿದ: "ಹಂಗಾರ ನಾ ಮನಿಗೆ ಹೋಗ್ಲೇನು?"

ಮನೆಗೆ ಬರುವಾಗ ಡ್ರಮ್ಮಿನ ಮಾತು ಅವಳ ಬಾಯಲ್ಲಿ ಬರಲಿಲ್ಲ. ಜೊತೆಗೆ ಸಂಗೀತ ಮಾಡುವ ಇಬ್ಬರಲ್ಲಿ ಲಿಂಗಸೂಗೂರಿನ ಗೆಳತಿಗೆ ಫೋನ್ ಹಚ್ಚಿ, ನಮ್ಮದು ಇದ್ದ ಹಾಗೇ ಇರಲಿ ಎಂದಳು.

ಈಗ ಓಣಿಯಲ್ಲಿ ಯಾರಾದರೂ ನಿಮ್ಮ ಮೊಮ್ಮಗಳು ಏನು ಮಾಡುತ್ತಾಳೆ ಎಂದು ಕೇಳಿದರೆ, ಭಜನೆಯವರು ಎದ್ದು ಹೋಗದಂಥ ಸಂಗೀತ ಮಾಡುತ್ತಾಳೆ ಎನ್ನುತ್ತೇನೆ. ಸ್ವಲ್ಪ ಜೋರಾಗಿಯೇ ಹೇಳುತ್ತೇನೆ. ನನಗೆ ಮಾತ್ರ ಅದನ್ನು ಕೇಳಿದರೆ ಈಗಲೂ ನಿದ್ದೆಯೇ ಬರುತ್ತದೆ.