ಅಕ್ಕನ ಕವಣೆಗೆ ಖಂಡೇಪೂಜೆ

ಪರದೇಶದ ಜಾರ್ಜ್‌ಟೌನ್‌ನಲ್ಲಿ ಶಾಲೆಯ ಬಸ್ಸು ಓಡಿಸುವ ನನ್ನ ಅಕ್ಕನಿಗೆ ಹಳೆಯ ಯುದ್ಧಗಳ ಹುಚ್ಚು. ಊರಿನ ಇತಿಹಾಸಪ್ರಿಯರ ಗುಂಪೊಂದನ್ನು ಸೇರಿ, ಮೊದಲ ಮಹಾಯುದ್ಧದ ವಿಚಿತ್ರ ಆಯುಧವೊಂದನ್ನು ಗ್ಯಾರೇಜಿನಲ್ಲಿ ಕಟ್ಟಿದಳು. ಅದು ಜೋಳದ ಹೊಲದಲ್ಲಿ ಹಕ್ಕಿ ಓಡಿಸುವ ಕವಣೆಯ ಅಪ್ಪನಂತಿತ್ತು: ಎದೆಯೆತ್ತರದ ಕವಲುಮರ, ಎರಡೂ ಕಡೆ ದಪ್ಪ ರಬ್ಬರಿನ ಪಟ್ಟಿ, ನಡುವೆ ಕ್ಯಾನ್ವಾಸಿನ ಜೋಳಿಗೆ. ಕಂದಕದಲ್ಲಿ ಕೂತ ಸೈನಿಕರು ಜಾಮಿನ ಡಬ್ಬಿಗೆ ಮದ್ದು ತುಂಬಿ ಎದುರಿನ ಕಂದಕಕ್ಕೆ ಇದರಿಂದ ಬೀರುತ್ತಿದ್ದರಂತೆ. ಅಕ್ಕನದು ಹಿಟ್ಟು ತುಂಬಿದ ಬಟ್ಟೆಯ ಚೆಂಡು. ಅದು ಮೈದಾನದ ಬೇಲಿ ದಾಟಿದರೆ ಕವಣೆಯನ್ನು ಊರಿನ ಮ್ಯೂಸಿಯಮ್ಮಿನಲ್ಲಿ ಇಡುತ್ತೇವೆಂದು ಗುಂಪಿನ ಹಿರಿಯರೊಬ್ಬರು ಮಾತು ಕೊಟ್ಟಿದ್ದರು. ಅಕ್ಕ ಆ ಸುದ್ದಿಯನ್ನು ನಮ್ಮೂರು ಹುಬ್ಬಳ್ಳಿಯ ತನಕ ಮುಟ್ಟಿಸಿದ್ದಳು.

ಅಷ್ಟರಲ್ಲಿ ನವರಾತ್ರಿ ಬಂತು. ಖಂಡೇಪೂಜೆಯ ದಿನ ನಮ್ಮಲ್ಲಿ ಮನೆಯ ಹತಾರಗಳನ್ನೆಲ್ಲ ತೊಳೆದು, ಎಣ್ಣೆ ಹಚ್ಚಿ, ಕುಂಕುಮ ಇಡುತ್ತೇವೆ. ಅಕ್ಕನ ಬೇಸ್‌ಮೆಂಟಿನಲ್ಲಿರುವ ನಾನು ಏಳನೆಯ ಇಯತ್ತೆಗೇ ಶಾಲೆ ಬಿಟ್ಟವನು; ಪೂಜೆಯಲ್ಲಾದರೂ ಕಡಿಮೆ ಬೀಳಬಾರದೆಂಬ ಹಟ. ಹಿಮ ಎತ್ತುವ ಸಲಿಕೆ, ಡ್ರಿಲ್ಲು ಎಲ್ಲ ಮುಗಿಸಿ, ಕವಣೆಯ ರಬ್ಬರಿಗೆ ಎಳೆಗೂಸಿಗೆ ತಿಕ್ಕುವಂತೆ ಕೊಬ್ಬರಿ ಎಣ್ಣೆ ತಿಕ್ಕಿದೆ. ಮುಂದಿನ ವಾರ ಮುಟ್ಟಿದರೆ ಪಟ್ಟಿ ಉಬ್ಬಿ ಮೆತ್ತಗಾಗಿತ್ತು. ಎಣ್ಣೆ ರಬ್ಬರನ್ನು ತಿನ್ನುತ್ತದೆಂದು ಆಗ ಹೊಳೆಯಿತು. ಅಕ್ಕನಿಗೆ ಗೊತ್ತಾಗದಂತೆ ಒರೆಸಿ ಸುಮ್ಮನಾದೆ.

ಪ್ರದರ್ಶನದ ದಿನ ಜನ ಸೇರಿದ್ದರು. ಅಕ್ಕ ಎಳೆದು ಬಿಟ್ಟಳು. ಚೆಂಡು ಸೋಮಾರಿಯಂತೆ ಎದ್ದು, ಪಕ್ಕದಲ್ಲೇ ನಿಂತಿದ್ದ ಆ ಹಿರಿಯರ ಟೋಪಿಯ ಮೇಲೆ ಒಡೆಯಿತು. ಅವರು ಹಿಟ್ಟು ಕೊಡವಿಕೊಳ್ಳುತ್ತ, "ವೆರಿ ಅಥೆಂಟಿಕ್!" ಎಂದರು. ಆ ಕಾಲದಲ್ಲೂ ಬಾಂಬು ಕೆಲವೊಮ್ಮೆ ತಮ್ಮವರ ಮೇಲೇ ಬೀಳುತ್ತಿತ್ತಂತೆ. ಎಲ್ಲರೂ ನಕ್ಕರು, ಅಕ್ಕನೂ ನಕ್ಕಳು. ಅವಳ ಆ ನಗು ನನಗೆ ಈಗಲೂ ಚುಚ್ಚುತ್ತದೆ.

ಮನೆಗೆ ಬಂದವಳೇ ಗರಗಸ ತೆಗೆದಳು. "ನಂದ ತಪ್ಪು. ಅಗ್ಗದ ರಬ್ಬರ್ ತಂದೆ. ಕೊಯ್ದು ಒಗದ್ರ ಗ್ಯಾರೇಜಾದ್ರೂ ಖಾಲಿ ಆಗ್ತದ."

"ಅಕ್ಕಾ, ತಡಿ. ರಬ್ಬರಿಗೆ ನಾ ಎಣ್ಣಿ ಹಚ್ಚೀನಿ."

"ಯಾವ ಎಣ್ಣಿ?"

"ಕೊಬ್ಬರಿ ಎಣ್ಣಿ. ಖಂಡೇಪೂಜಿಗೆ."

ಅಕ್ಕ ನನ್ನ ಬೋಳುತಲೆಯನ್ನು ನೋಡಿದಳು. "ಅಲ್ಲೋ ಹಾಪ್ಯಾ, ಅದನ್ನ ತಲೀಗೆ ಹಚ್ಚಿಕೊಂಡಿದ್ರ ನಾಕು ಕೂದಲರ ಉಳೀತಿದ್ವು!" ನಗುತ್ತ ಕೆಳಗೆ ಕೂತವಳು ಮೆತ್ತಗಾದ ಪಟ್ಟಿಯನ್ನು ಹಿಚುಕಿ ನೋಡಿ ಕೇಳಿದಳು: "ಕೆಟ್ಟದ್ದು ಮೊದಲಽ ಗೊತ್ತಿತ್ತೇನು?"

"ಹೂಂ. ಬೈತಿ ಅಂತ ಅಂಜಿದೆ."

"ನಾ ಒಬ್ಬಾಕಿ ಬೈಯೋದು ತಪ್ಪಸಾಕ ಅಷ್ಟು ಮಂದಿ ಮುಂದ ನನ್ನ ನಿಲ್ಲಿಸಿದಿ." ಈ ಸಲ ಅವಳು ನಗಲಿಲ್ಲ. ಫೋನು ನನ್ನ ಕೈಗಿಟ್ಟಳು. "ಆ ಅಜ್ಜಗ ನೀನಽ ಹೇಳು."

"ಸರ್, ಮೈ ಮಿಸ್ಟೇಕ್. ಕೊಕೊನಟ್ ಆಯಿಲ್," ಎಂದೆ. ಅದಕ್ಕಿಂತ ಹೆಚ್ಚು ಇಂಗ್ಲಿಷು ಒದಗಲಿಲ್ಲ. ಆ ಕಡೆಯಿಂದ ಕೆಮ್ಮು ಬರುವಷ್ಟು ನಗು. ಭಾನುವಾರ ಮತ್ತೆ ಬನ್ನಿ ಎಂದರು.

ಭಾನುವಾರ ಹೊಸ ರಬ್ಬರು ಕಟ್ಟಿ ಇಬ್ಬರೂ ಸೇರಿ ಎಳೆದೆವು. ಚೆಂಡು ಬೇಲಿ ದಾಟಿ, ಪಾರ್ಕಿಂಗ್ ಲಾಟಿನಲ್ಲಿ ಯಾರದೋ ಕರಿ ಕಾರಿನ ಮೇಲೆ ಒಡೆಯಿತು. ಅಕ್ಕ ಹುಡುಗಿಯಂತೆ ಕುಣಿದಳು. ಯಾರೂ ಹೇಳುವ ಮೊದಲೇ ನಾನು ಬಕೆಟು ಹುಡುಕಿಕೊಂಡು ಹೋಗಿ ಆ ಕಾರು ತೊಳೆದೆ.