ಕೀಬೋರ್ಡಿನ ಕೆಳಗಿನ ಸಂಸಾರ

ಸಿಡ್ನಿ ಬಿಟ್ಟು ಮೆಲ್ಬರ್ನಿಗೆ ಬಂದ ಮೂರನೆಯ ದಿನ ಬೆಳಿಗ್ಗೆ ನನ್ನ ಲ್ಯಾಪ್‌ಟಾಪ್ ಕಿರುಚತೊಡಗಿತು. ಪವರ್ ಬಟನ್ ಒತ್ತಿದ ಕೂಡಲೇ ಪೀಂ, ಪೀಂ, ಪೀಂ ಎಂದು ಬಿಡದೆ ಹೊಡೆದುಕೊಂಡಿತು. ಪರದೆಯ ಮೇಲೆ ಕಂಪನಿಯ ಗುರುತು ಬಂದು ಅಲ್ಲಿಯೇ ನಿಂತುಬಿಟ್ಟಿತು.

ನಾವಾಗ ಗ್ಲೆನ್ ವೇವರ್ಲಿಯಲ್ಲಿ, ನನ್ನ ಗಂಡನ ಹಳೆಯ ಸಹೋದ್ಯೋಗಿಯೊಬ್ಬರ ಮನೆಯಲ್ಲಿ ಇಳಿದುಕೊಂಡಿದ್ದೆವು. ಬಾಡಿಗೆ ಮನೆ ಸಿಗುವವರೆಗೆ ನಮ್ಮಲ್ಲೇ ಇರಿ ಎಂದು ಅವರೇ ಕರೆದಿದ್ದರು. ಗಂಡ ಹೆಂಡತಿ ಇಬ್ಬರೂ ಉಡುಪಿ ಕಡೆಯವರು, ನಮಗಿಂತ ಏಳೆಂಟು ವರ್ಷ ದೊಡ್ಡವರು. ಹೆಂಡತಿಯನ್ನು ನಾನು ಅಕ್ಕ ಎನ್ನುತ್ತಿದ್ದೆ. ಅಕ್ಕನ ಅಡುಗೆಮನೆಯಲ್ಲಿ ಒಲೆಯ ಹಿಂದಿನ ಟೈಲ್ಸಿನಲ್ಲಿ ಮುಖ ಕಾಣುತ್ತಿತ್ತು. ಅಂಥ ಮನೆಯ ಊಟದ ಮೇಜಿನ ಮೇಲೆ, ಅಕ್ಕ ತಾವೇ ಅಂಚು ಹೊಲಿದಿದ್ದ ಬಿಳಿಯ ಹಾಸಿನ ಮೇಲೆ, ನನ್ನ ಲ್ಯಾಪ್‌ಟಾಪ್ ಕೂತಿತ್ತು.

ಮರುವಾರ ನನಗೆ ಇಂಟರ್‌ವ್ಯೂ ಇತ್ತು. ರೆಸ್ಯೂಮೆ, ಸರ್ಟಿಫಿಕೇಟುಗಳ ಪ್ರತಿ, ಬಾಡಿಗೆ ಮನೆಯ ಅರ್ಜಿಯ ಕಾಗದ, ಎಲ್ಲವೂ ಅದರೊಳಗೇ.

"ಬ್ಯಾಟರಿ ತಗದು ಐದ್ ನಿಮಿಷ ಬಿಟ್ಟು ಹಾಕು, ಸರಿ ಆಗ್ತದ" ಎಂದು ನನ್ನ ಗಂಡ ಟೀವಿಯ ಮುಂದೆ ಕೂತೇ ಹೇಳಿದ. ತೆಗೆದು ಹಾಕಿದೆ. ಒಂದು ಸಲ ಸುಮ್ಮನಾಯಿತು, ಮತ್ತೆ ಕಿರುಚಿತು. ಕೀಗಳ ಸಂದಿಯಲ್ಲಿ ಏನಾದರೂ ಸಿಕ್ಕಿರಬಹುದೆಂದು ಬೋರಲು ಹಿಡಿದು ಕೊಡವಿದೆ. ಅವಲಕ್ಕಿಯ ಚೂರುಗಳ ಜೊತೆ ಕಂದು ಬಣ್ಣದ ಪುಡಿ ಉದುರಿತು. ಸಿಡ್ನಿಯಲ್ಲಿ ಅದರ ಮುಂದೆ ಕೂತೇ ಕಾಫಿ ಮಾಡಿಕೊಳ್ಳುತ್ತಿದ್ದವಳು ನಾನು. ಕಾಫಿಪುಡಿಯೇ ಇರಬೇಕೆಂದು ಬೆರಳಲ್ಲಿ ತೆಗೆದು, ಉಜ್ಜಿ, ಮೂಗಿನ ಹತ್ತಿರ ತಂದು ಮೂಸಿ ನೋಡಿದೆ. ಕಾಫಿಯ ವಾಸನೆ ಬರಲಿಲ್ಲ. ಹಳೆಯ ಎಣ್ಣೆಯ ಹಾಗೆ ಒಂದು ಕಮಟು ವಾಸನೆ.

ಅಷ್ಟರಲ್ಲಿ ಅಕ್ಕನ ಗಂಡ ತೋಟಕ್ಕೆ ನೀರು ಹಾಕಿ ಒಳಗೆ ಬಂದರು. ಅವರು ಎಲೆಕ್ಟ್ರಿಕಲ್ ಎಂಜಿನಿಯರು.

"ಎಂತ ಅದು ಶಬ್ದ?" ಎಂದು ಬಗ್ಗಿ ಕೇಳಿಸಿಕೊಂಡರು. "ಬಿಡದೆ ಹೊಡೀತದಲ್ಲ, ಹಾಗಾದ್ರೆ ಯಾವುದೋ ಕೀ ಒತ್ತಿಕೊಂಡೇ ಉಂಟು. ಬಿಚ್ಚಿ ನೋಡುವ."

ಸಣ್ಣ ಸ್ಕ್ರೂಡ್ರೈವರ್ ತಂದು, ಬ್ಯಾಟರಿ ತೆಗೆದು, ಅಡಿಯ ಸ್ಕ್ರೂಗಳನ್ನು ಬಿಚ್ಚಿ ಒಂದು ಬಟ್ಟಲಿಗೆ ಹಾಕಿದರು. ಅಕ್ಕ ಚಹಾ ತಂದು ಪಕ್ಕದಲ್ಲಿ ನಿಂತರು. ನನ್ನ ಗಂಡನೂ ಎದ್ದು ಬಂದ. ಅಕ್ಕನ ಗಂಡ ಕೀಬೋರ್ಡನ್ನು ಡಬ್ಬಿಯ ಮುಚ್ಚಳ ಎತ್ತಿದ ಹಾಗೆ ಎತ್ತಿದರು.

ಕೆಳಗೆ ಜಿರಳೆಗಳಿದ್ದವು. ಒಂದೆರಡಲ್ಲ. ಬೆರಳುಗುರಿನಷ್ಟು ದೊಡ್ಡವು, ಎಳ್ಳಿನಷ್ಟು ಸಣ್ಣ ಮರಿಗಳು, ಸತ್ತು ಒಣಗಿದವು, ಕಳಚಿ ಬಿಟ್ಟ ಪಾರದರ್ಶಕ ಸಿಪ್ಪೆಗಳು, ಮೊಟ್ಟೆಯ ಗೂಡುಗಳು. ಎಲ್ಲದರ ಮೇಲೂ ನಾನು ಮೂಸಿ ನೋಡಿದ ಪುಡಿ. ಬೆಳಕು ಬಿದ್ದದ್ದೇ ತಡ, ಬದುಕಿದ್ದವು ದಿಕ್ಕುದಿಕ್ಕಿಗೆ ಹರಿದವು. ಒಂದು ಚಹಾದ ಕಪ್ಪನ್ನು ಹತ್ತಿತು. ಎರಡು ಬಿಳಿಯ ಹಾಸಿನ ಮೇಲೆ ಓಡಿ ಅಂಚಿನಿಂದ ಕೆಳಗಿಳಿದು ಅಡುಗೆಮನೆಯ ಕಡೆ ಹೋದವು. ಅಕ್ಕ ಚಪ್ಪಲಿಯಿಂದ ಒಂದನ್ನು ಹೊಡೆದರು. ಇನ್ನೊಂದು ಫ್ರಿಜ್ಜಿನ ಅಡಿ ಸೇರಿಕೊಂಡಿತು.

ನಾನು ಬಚ್ಚಲಿಗೆ ಓಡಿ ಕೈ ತೊಳೆದೆ, ಮೂಗು ತೊಳೆದೆ, ಮತ್ತೆ ಕೈ ತೊಳೆದೆ. ಸಿಡ್ನಿಯಲ್ಲಿ ನಾವಿದ್ದ ಹ್ಯಾರಿಸ್ ಪಾರ್ಕಿನ ಹಳೆಯ ಫ್ಲ್ಯಾಟಿನಲ್ಲಿ ಫೋನ್ ಲೈನು ಇದ್ದದ್ದು ಅಡುಗೆಮನೆಯಲ್ಲಿ ಮಾತ್ರ. ಇಂಟರ್ನೆಟ್ಟಿಗಾಗಿ ಲ್ಯಾಪ್‌ಟಾಪ್ ಹಗಲೂ ರಾತ್ರಿ ಅಲ್ಲೇ, ಬಿಸಿಯಾಗಿ, ಇರುತ್ತಿತ್ತು. ಫ್ರಿಜ್ಜಿನ ಹಿಂದೆ ಜಿರಳೆಗಳಿದ್ದದ್ದು ನಮಗೆ ಗೊತ್ತಿತ್ತು. ನೋಡಿ ನೋಡಿ ಅಭ್ಯಾಸವಾಗಿತ್ತು. ತಿಂಗಳುಗಟ್ಟಲೆ ಅವುಗಳ ಸಂಸಾರದ ಮೇಲೆ ಬೆರಳಾಡಿಸುತ್ತ, ಅದೇ ಕೈಯಲ್ಲಿ ಅವಲಕ್ಕಿ ತಿಂದಿದ್ದೆ. ಈಗ ನನ್ನ ಬೆರಳುಗಳನ್ನೇ ನೋಡಲು ಹೇಸಿಗೆಯಾಯಿತು.

ಹೊರಗೆ ಬಂದಾಗ ನನ್ನ ಗಂಡ ಹೇಳುತ್ತಿದ್ದ: "ಸೆಕೆಂಡ್ ಹ್ಯಾಂಡ್ ಲ್ಯಾಪ್‌ಟಾಪ್ ರೀ ಇದು. ಮೊದಲಿನವರು ಎಷ್ಟ್ ಹೊಲಸ ಇಟ್ಟಿದ್ರು ನೋಡ್ರಿ."

ಹಿಂದಿನ ವರ್ಷವಷ್ಟೇ ಅಂಗಡಿಯಲ್ಲಿ ನನ್ನ ಕಣ್ಣೆದುರೇ ಸೀಲು ಒಡೆಸಿ ತಂದದ್ದು ಅದು.

"ಪರವಾಗಿಲ್ಲ, ಎಲ್ಲರ ಮನೆಯಲ್ಲೂ ಇರ್ತದೆ" ಎಂದರು ಅಕ್ಕ. ಆಮೇಲೆ ಆ ಬಿಳಿಯ ಹಾಸನ್ನು ಎರಡು ಬೆರಳಲ್ಲಿ ಎತ್ತಿ ಪ್ಲಾಸ್ಟಿಕ್ ಚೀಲಕ್ಕೆ ಹಾಕಿ, ಬಾಯಿ ಕಟ್ಟಿ, ಹೊರಗಿನ ಕಸದ ಬಿನ್ನಿಗೆ ಎಸೆದು ಬಂದರು.

ಅವರ ಗಂಡ ಲ್ಯಾಪ್‌ಟಾಪನ್ನು ಹಿತ್ತಲಿಗೆ ಒಯ್ದು ಹಳೆಯ ಪೇಂಟಿಂಗ್ ಬ್ರಶ್ಶಿನಿಂದ ಗುಡಿಸಿದರು. ಸ್ಪೇಸ್ ಬಾರಿನ ಅಡಿಯಲ್ಲಿ ಒಂದು ಮೊಟ್ಟೆಗೂಡು ಸಿಕ್ಕಿಕೊಂಡು ಅದನ್ನು ಕೆಳಗೇ ಹಿಡಿದಿತ್ತು. ಅದನ್ನು ಚಿಮಟದಿಂದ ಕಿತ್ತು ತೆಗೆದು ಜೋಡಿಸಿದ ಮೇಲೆ ಲ್ಯಾಪ್‌ಟಾಪ್ ಸದ್ದಿಲ್ಲದೆ ಶುರುವಾಯಿತು. ನಾನು ಪಾತ್ರೆ ತೊಳೆಯುವ ರಬ್ಬರ್ ಗ್ಲೌಸ್ ಹಾಕಿಕೊಂಡು, ಹಿತ್ತಲಲ್ಲಿ ನಿಂತೇ, ಬೇಕಾದ ಕಾಗದಗಳನ್ನೆಲ್ಲ ಪೆನ್‌ಡ್ರೈವಿಗೆ ಹಾಕಿಕೊಂಡೆ.

"ಯಾಕ ಸುಳ್ಳ ಹೇಳಿದಿ?" ಎಂದು ಗಂಡನನ್ನು ಅಲ್ಲಿಯೇ ಕೇಳಿದೆ.

"ಮತ್ತೇನ್ ಹೇಳ್ಲಿ? ನಮ್ಮನಿ ಜಿರಳಿ ಅಂತ ಹೇಳ್ಲೇನು? ಸರಿ ಆತಲ್ಲ, ಬಿಡು ಇನ್ನ."

ಅವನು ಬಿಟ್ಟುಬಿಟ್ಟ. ಒಳಗೆ ಹೋಗಿ ತಣ್ಣಗಾದ ಆ ಚಹಾವನ್ನೂ ಕುಡಿದ, ಜಿರಳೆ ಹತ್ತಿದ್ದ ಅದೇ ಕಪ್ಪಿನಲ್ಲಿ. ಆ ಗಳಿಗೆಯಲ್ಲಿ ನನಗೆ ಅವನ ಮೇಲೆ ಬಂದಷ್ಟು ಹೇಸಿಗೆ ಜಿರಳೆಗಳ ಮೇಲೂ ಬಂದಿರಲಿಲ್ಲ.

ಮಧ್ಯಾಹ್ನ ಅಡುಗೆಮನೆಗೆ ಹೋದರೆ, ಅಕ್ಕ ಸ್ಟೂಲ್ ಮೇಲೆ ನಿಂತು ಕಪಾಟಿನ ಡಬ್ಬಿಗಳನ್ನು ಒಂದೊಂದಾಗಿ ಇಳಿಸಿ ಒರೆಸುತ್ತಿದ್ದರು. ನಾನೂ ಒಂದು ಬಟ್ಟೆ ತೆಗೆದುಕೊಂಡೆ. ಅವರು ಇಳಿಸಿಕೊಟ್ಟ ಡಬ್ಬಿಗಳನ್ನು ಒರೆಸಿ ಜೋಡಿಸತೊಡಗಿದೆ.

"ಅಕ್ಕಾ, ಅದು ಸೆಕೆಂಡ್ ಹ್ಯಾಂಡ್ ಅಲ್ಲ" ಎಂದೆ. "ಹೊಸಾದ ತಗೊಂಡಿದ್ದೆ ನಾನು. ಜಿರಳಿ ನಮ್ಮ ಮನಿವ."

"ಗೊತ್ತುಂಟು" ಎಂದರು ಅಕ್ಕ, ತಿರುಗದೆ. "ಹೊಸ ಲ್ಯಾಪ್‌ಟಾಪ್ ತಗೊಂಡೆ ಅಂತ ನೀನೇ ಅಲ್ವಾ ಫೋನಲ್ಲಿ ಹೇಳಿದ್ದು?"

ನನಗೆ ನೆಲ ಬಾಯಿ ಬಿಡಬಾರದೇ ಅನ್ನಿಸಿತು.

"ನನಗೆ ಅಸಹ್ಯ ಆದದ್ದು ಹೌದು, ಇಲ್ಲ ಅಂತ ಹೇಳುದಿಲ್ಲ" ಎಂದು ಅವರು ಸ್ಟೂಲಿನಿಂದ ಇಳಿದರು. "ಈಗ ನಿಮ್ಮ ಬ್ಯಾಗುಗಳನ್ನೂ ಹೊರಗೆ ಹಾಕಿ ಒಮ್ಮೆ ನೋಡುವ, ಆಯ್ತಾ?"

ಸೀರೆ, ಅಂಗಿ, ಒಳಬಟ್ಟೆಗಳನ್ನೆಲ್ಲ ಹಿತ್ತಲ ಬಿಸಿಲಲ್ಲಿ ಹರಡಿ ಇಬ್ಬರೂ ಕೊಡವಿದೆವು. ಬಟ್ಟೆಯಲ್ಲಿ ಏನೂ ಇರಲಿಲ್ಲ. ಸಿಡ್ನಿಯಿಂದ ತಂದಿದ್ದ ನಮ್ಮ ಮಿಕ್ಸಿಯನ್ನು ತಿರುಗಿಸಿ ತಟ್ಟಿದಾಗ ಅಡಿಯ ತೂತಿನಿಂದ ಮೂರು ಹೊರಬಂದವು. ಅಕ್ಕ ಮೊದಲೇ ಚಪ್ಪಲಿ ಹಿಡಿದು ನಿಂತಿದ್ದರು.

ಇಂಟರ್‌ವ್ಯೂ ಚೆನ್ನಾಗಿ ಆಯಿತು, ಕೆಲಸವೂ ಸಿಕ್ಕಿತು. ಎರಡು ವಾರದೊಳಗೆ ಊರಿನ ಇನ್ನೊಂದು ಬದಿಯ ಪಾಯಿಂಟ್ ಕುಕ್‌ನಲ್ಲಿ ಮನೆ ಸಿಕ್ಕಿ ಹೊರಟೆವು. ಮಿಕ್ಸಿಯನ್ನು ಎಸೆದೆ. ಲ್ಯಾಪ್‌ಟಾಪನ್ನು ನಾನು ಮತ್ತೆ ಬರಿಗೈಯಲ್ಲಿ ಮುಟ್ಟಲಿಲ್ಲ. ನನ್ನ ಗಂಡ ಇನ್ನೂ ಎರಡು ವರ್ಷ ಅದರ ಮೇಲೆ ಚಿಪ್ಸ್ ತಿನ್ನುತ್ತ ಕ್ರಿಕೆಟ್ ಸ್ಕೋರು ನೋಡಿದ.

ನಾವು ಹೊರಟ ಮೇಲೆ ಪೆಸ್ಟ್ ಕಂಟ್ರೋಲಿನವರನ್ನು ಕರೆಸಿದ್ದಾಗಿ ಅಕ್ಕ ಒಮ್ಮೆ ಫೋನಿನಲ್ಲಿ ಹೇಳಿದರು. "ಹೇಗೂ ವರ್ಷಕ್ಕೊಮ್ಮೆ ಮಾಡಿಸ್ಬೇಕಲ್ಲ" ಎಂದೂ ಸೇರಿಸಿದರು. ಅವರು ಹಬ್ಬಕ್ಕೆ ಕರೆಯುವುದನ್ನು ಬಿಡಲಿಲ್ಲ, ನಾವು ಹೋಗುವುದನ್ನೂ ಬಿಡಲಿಲ್ಲ. ಕೈಚೀಲವನ್ನು ಮಾತ್ರ ನಾನು ಕಾರಿನಲ್ಲೇ ಬಿಟ್ಟು, ಬರಿಗೈಯಲ್ಲಿ ಅವರ ಬಾಗಿಲು ತಟ್ಟುತ್ತಿದ್ದೆ.