ಬಾಯಿತಪ್ಪಿ ಆಡಿದ ಅಚ್ಛಾ

ದೆಹಲಿಗೆ ಬಂದ ಕನ್ನಡದವರು ಮೊದಲು ಕಲಿಯುವ ಹಿಂದಿ ಮಾತು 'ಅಚ್ಛಾ'. ಊರಲ್ಲಿ 'ಹೌದಾ?' ಅನ್ನುವ ಕಡೆಯಲ್ಲೆಲ್ಲ ಇಲ್ಲಿ ಅದನ್ನೇ ತುರುಕುತ್ತೇವೆ. ಯಾರೋ ತೀರಿಕೊಂಡರಂತೆ, ಅಚ್ಛಾ. ನೀರು ಬರೋದಿಲ್ಲವಂತೆ, ಅಚ್ಛಾ. ಒಪ್ಪಿದೆವು ಅಂತಲ್ಲ, ಕೇಳಿಸಿತು ಅಂತ, ಅಷ್ಟೇ.

ನಾನು ನೋಯ್ಡಾದ ಒಂದು ಕಂಪನಿಯಲ್ಲಿ ಕ್ಲರ್ಕು. ಮನೆ ರೋಹಿಣಿಯಲ್ಲಿ. ನನ್ನ ಗಂಡ ಅಲ್ಲಿನ ಮಾರ್ಕೆಟ್ಟಿನ ಪಕ್ಕ ಇಡ್ಲಿ ಗಾಡಿ ಇಟ್ಟಿದ್ದರು. ಆ ಬಡಾವಣೆಯ ಪುಢಾರಿಯೊಬ್ಬ ಮಾಮೂಲು ಕೇಳಿದ, ಇವರು ಕೊಡಲಿಲ್ಲ. ಒಂದು ಬೆಳಿಗ್ಗೆ ನನ್ನ ಕಣ್ಣೆದುರೇ ಅವನ ಕಡೆಯವರು ಬಂದು ಗಾಡಿಯನ್ನು ಮಗುಚಿಹಾಕಿದರು. ಬಿಸಿ ಸಾಂಬಾರು ಇವರ ಕಾಲ ಮೇಲೆ ಚೆಲ್ಲಿತು. ಪೊಲೀಸರು ಬೈದದ್ದು ಇವರನ್ನೇ. ಅಂದಿನಿಂದ ಇವರು ಮನೆಯಲ್ಲೇ ಇದ್ದಾರೆ. ಹೊರಗೆ ಹೋದಾಗ ಆ ಪುಢಾರಿಯ ಪೋಸ್ಟರು ಕಂಡರೆ ರಸ್ತೆ ದಾಟಿ ಆಚೆ ಬದಿಯಲ್ಲಿ ನಡೆಯುತ್ತಾರೆ.

ಈಗ ಅದೇ ಮಹಾನುಭಾವ ಚುನಾವಣೆಗೆ ನಿಂತ. ನಮ್ಮ ಮಾಲೀಕರಿಗೂ ಅವನಿಗೂ ಬಲು ದೋಸ್ತಿಯಂತೆ. ಮ್ಯಾನೇಜರು ನನ್ನ ಮೇಜಿನ ಹತ್ತಿರ ಬಂದು, ಎಲ್ಲರ ಒಂದು ದಿನದ ಸಂಬಳ ಅವನ ಪಾರ್ಟಿಗೆ ಹೋಗುತ್ತದೆ ಎಂದು ಹಿಂದಿಯಲ್ಲಿ ಹೇಳಿದ. ಎಂಥಾ ಕೆಲಸ ಅನ್ನುವ ಬೆರಗಿನಲ್ಲಿ ನನ್ನ ಬಾಯಿಂದ ಬಂದದ್ದು 'ಅಚ್ಛಾ!' ಅವನು ತಲೆಯಾಡಿಸಿ ಮುಂದಿನ ಮೇಜಿಗೆ ಹೋದ.

ತಿಂಗಳ ಕೊನೆಗೆ ಸಂಬಳದ ಚೀಟಿಯಲ್ಲಿ 'ಸ್ವೇಚ್ಛಾ ಸಹಯೋಗ' ಎಂದು ಒಂದು ದಿನದ ಸಂಬಳ ಹಿಡಿದಿದ್ದರು. ಹಿಂದಿಯಲ್ಲಿ ಹಾಗೆಂದರೆ ಮನಸಾರೆ ಕೊಟ್ಟದ್ದು. ನಮ್ಮ ಕನ್ನಡದಲ್ಲಿ ಸ್ವೇಚ್ಛೆ ಎಂದರೆ ಲಂಗುಲಗಾಮಿಲ್ಲದ ನಡತೆ. ಕನ್ನಡದ ಅರ್ಥವೇ ಸರಿ ಅನ್ನಿಸಿ ಮೈಯೆಲ್ಲ ಉರಿಯಿತು. ನೆಟ್ಟಗೆ ಮ್ಯಾನೇಜರನ ಕೋಣೆಗೆ ನುಗ್ಗಿದೆ.

"ನನ್ನ ಸಹಿ ಎಲ್ಲಿದೆ, ತೋರಿಸಿ."

"ಅರೇ ಮೇಡಂ, ಆಪ್‌ನೇ ಹೀ ತೋ ಅಚ್ಛಾ ಬೋಲಾ ಥಾ."

"ಅದು ಒಪ್ಪಿಗೆ ಅಲ್ಲ ಸ್ವಾಮಿ! ಆಶ್ಚರ್ಯ!"

ಅವನು ಹೊಟ್ಟೆ ಹಿಡಿದುಕೊಂಡು ನಕ್ಕ. ನಾನು ನಗಲಿಲ್ಲ. ಸಂಬಳ ನನ್ನದು, ಓಟು ನನ್ನದು, ಯಾವ ಪಾರ್ಟಿಗಾದರೂ ಸರಿ, ಮೊದಲು ಕೇಳಬೇಕು, ನಾನು ಬರೆದುಕೊಟ್ಟ ಮೇಲೆ ಮುಟ್ಟಬೇಕು, ಹಿಡಿದದ್ದನ್ನು ವಾಪಸ್ ತರಿಸಿ ಎಂದೆ. ನನ್ನ ಹರಕು ಹಿಂದಿ ಅವತ್ತು ಎಲ್ಲಿಂದ ಅಷ್ಟು ಚೆನ್ನಾಗಿ ಬಂತೋ! "ಹಣ ಆಗಲೇ ಹೋಯ್ತು, ಮುಂದಿನ ಸಲ ನೋಡೋಣ," ಎಂದು ಫೋನು ಎತ್ತಿಕೊಂಡ. ಹೊರಗೆ ಬಂದರೆ ಪಕ್ಕದ ಸೀಟಿನ ಹುಡುಗಿ, "ಛೋಡೋ ನಾ ದೀದಿ, ಒಂದು ದಿನದ್ದು ತಾನೇ," ಅಂದಳು. ಒಂದು ದಿನದ್ದಂತೆ! ಕೊಡಲಿ ಕಾವು ಕುಲಕ್ಕೆ ಮೃತ್ಯು ಅನ್ನುತ್ತಾರಲ್ಲ, ಆ ಕಾವು ನಾನಾಗಿದ್ದೆ. ಅವಳಿಗೆ ಇದನ್ನು ಹಿಂದಿಯಲ್ಲಿ ಹೇಗೆ ಹೇಳುವುದು?

ಗಂಡನಿಗೆ ತಿಳಿಸಲಿಲ್ಲ. ಹಣ ವಾಪಸ್ ಬಂದ ಮೇಲೆ ನಗುತ್ತಾ ಹೇಳಿದರಾಯಿತು ಅಂದುಕೊಂಡೆ. ದಿನಾ ಮ್ಯಾನೇಜರನ ಬೆನ್ನು ಹತ್ತಿದೆ. ಅವನು ನನ್ನನ್ನು ಕಂಡರೆ ಚಹಾ ಕುಡಿಯಲು ಎದ್ದು ಹೋಗತೊಡಗಿದ.

ಭಾನುವಾರ ನಾನು ಒಳಗೆ ಚಟ್ನಿ ರುಬ್ಬುತ್ತಿದ್ದೆ. ಬಾಗಿಲ ಬೆಲ್ ಆಯಿತು, ಇವರು ಹೋಗಿ ತೆಗೆದರು. ಮಿಕ್ಸಿ ನಿಲ್ಲಿಸಿದಾಗ ಧ್ವನಿ ಕೇಳಿತು. ಗಾಡಿ ಮಗುಚಿದವರಲ್ಲಿ ಒಬ್ಬನ ಧ್ವನಿ. ಆ ಧ್ವನಿಯನ್ನು ನಾನು ಮರೆಯುವುದುಂಟೇ?

"ಭಾಯಿಸಾಬ್, ಮೇಡಂಜೀ ಕೋ ಹಮಾರಾ ಧನ್ಯವಾದ್ ಬೋಲ್‌ನಾ. ಪಾರ್ಟಿಗೆ ಸಂಬಳದಿಂದ ಕೊಟ್ಟಿದ್ದಾರೆ, ಕಂಪನಿ ಕಳಿಸಿದ ಪಟ್ಟಿಯಲ್ಲಿ ಹೆಸರು, ವಿಳಾಸ ಎಲ್ಲಾ ಇದೆ. ಮುಂಹ್ ಮೀಠಾ ಕೀಜಿಯೇ, ಬಾಯಿ ಸಿಹಿ ಮಾಡಿಕೊಳ್ಳಿ."

ನಾನು ಕೈ ತೊಳೆಯದೆ ಓಡಿ ಬಂದೆ. ಅಷ್ಟರಲ್ಲಿ ಬಂದವನು ಮೆಟ್ಟಿಲಿಳಿದು ಹೋಗಿದ್ದ. ಇವರ ಕೈಯಲ್ಲಿ ಲಡ್ಡುವಿನ ಡಬ್ಬಿ. ಅದನ್ನೇ ನೋಡುತ್ತಾ ನಿಂತಿದ್ದರು.

"ನಾನು ಕೊಟ್ಟಿಲ್ಲ ರೀ, ದೇವರಾಣೆ. ನನ್ನನ್ನು ಕೇಳದೆ ಹಿಡಿದರು," ಎಂದೆ.

ಇವರು ನನ್ನ ಕಡೆ ನೋಡಲಿಲ್ಲ. ಡಬ್ಬಿಯನ್ನು ಚಪ್ಪಲಿ ಸ್ಟ್ಯಾಂಡಿನ ಮೇಲೆ ಇಟ್ಟರು.

"ಅಚ್ಛಾ," ಅಂದರು.